ಜಾಡಿಯ ಬಾಯಿಗೆ ಕಟ್ಟಿದ ಗಂಟು

ಗೋದಾಮಿನ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವನು ಗಂಟಣ್ಣ. ಕೈಗೆ ಒಂದು ತುಂಡು ದಾರ ಸಿಕ್ಕಿದರೆ ಸಾಕು, ಎಲ್ಲಾದರೂ ಗಂಟು ಹಾಕುತ್ತಿದ್ದ. ಉಪ್ಪಿನ ಡಬ್ಬಿಗೆ ಗಂಟು, ಇದ್ದಿಲಿನ ಚೀಲಕ್ಕೆ ಗಂಟು, ಹಿತ್ತಲ ಬಾಗಿಲಿಗೆ ಬೀಗ ಹಾಕಿ ಬೀಗದ ಮೇಲೂ ಒಂದು ಗಂಟು. ಬೀಗಕ್ಕೆ ಇನ್ನೊಂದು ಕೀಲಿ ಮಾಡಿಸಬಹುದು, ಗಂಟಿಗೆ ಮಾಡಿಸಲಾಗದು ಎನ್ನುತ್ತಿದ್ದ. ಗಂಟಿನ ಮೇಲಿದ್ದಷ್ಟು ನಂಬಿಕೆ ಅವನಿಗೆ ಯಾವ ಮನುಷ್ಯನ ಮೇಲೂ ಇರಲಿಲ್ಲ.

ಅವನದು ಚಿಕ್ಕ ಊಟದಂಗಡಿ. ಮುಂದೆ ಬೆಂಚು ಮೇಜು ಹಾಕಿದ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ಹಿತ್ತಲಲ್ಲಿ ಇಟ್ಟಿಗೆ ಒಲೆ, ಒಲೆಯ ಮೇಲೆ ಕಬ್ಬಿಣದ ಜಾಲರಿ. ಮಲಗುವುದು, ಏಳುವುದು ಎಲ್ಲ ಮೇಲಿನ ಮಹಡಿಯಲ್ಲಿ. ವಾರವೆಲ್ಲ ಸೂಪು, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಭಾನುವಾರ ಮಾತ್ರ ಹಂದಿಯ ಚಾಪ್ಸ್. ಮೂಳೆ ಬಿಡಿಸದೆ, ಹೆಬ್ಬೆರಳಿಗಿಂತ ದಪ್ಪಗೆ ಕತ್ತರಿಸಿದ ತುಂಡುಗಳನ್ನು ಹಿಂದಿನ ದಿನವೇ ನೆನೆಹಾಕಿ, ಕೆಂಡದ ಮೇಲೆ ಸುಡುವುದು. ಫ್ರಾನ್ಸಿನ ಹಳ್ಳಿಗಳಲ್ಲಿ ಹೀಗೆ ಸುಡುತ್ತಾರಂತೆ. ಆ ಭಾನುವಾರದ ಹೊಗೆ ಬೀದಿಯ ಕೊನೆಯವರೆಗೂ ಹೋಗಿ ಗಿರಾಕಿಗಳನ್ನು ಕೈಹಿಡಿದು ಕರೆತರುತ್ತಿತ್ತು.

ಈ ವಿದ್ಯೆ ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹುಡುಗಾಟದ ವಯಸ್ಸಿನಲ್ಲಿ ಅವನು ಸರಕಿನ ಹಡಗೊಂದರಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕಿದ್ದ. ಅಲ್ಲಿನ ಹಿರಿಯ ಅಡುಗೆಯವನು ಫ್ರಾನ್ಸಿನ ಯಾವುದೋ ಹಳ್ಳಿಯವನು. ಪೊದೆ ಮೀಸೆ, ಮಾತು ಕಮ್ಮಿ, ಕೋಪ ಜಾಸ್ತಿ. ತನ್ನ ಒಲೆಯ ಹತ್ತಿರ ಯಾರು ನಿಂತರೂ ಸೌಟಿನಿಂದ ಮೊಣಕೈಗೆ ಒಂದು ಬಿಡುತ್ತಿದ್ದ. ಗಂಟಣ್ಣ ಪಾತ್ರೆ ತಿಕ್ಕುತ್ತಲೇ ಓರೆಗಣ್ಣಲ್ಲಿ ನೋಡಿ ಕಲಿತ. ಬೆಳ್ಳುಳ್ಳಿ ಜಜ್ಜುವುದು, ಮೆಣಸು ಕುಟ್ಟುವುದು, ಥೈಮ್ ಎಂಬ ಘಮದ ಸೊಪ್ಪಿನ ಕಡ್ಡಿ, ಬೇ ಮರದ ಒಣ ಎಲೆ, ಅರೆದ ಸಾಸಿವೆ, ಎಣ್ಣೆ, ವಿನೆಗರ್, ಅದಕ್ಕೊಂದಿಷ್ಟು ಹುಳಿಯಾದ ಕೆಂಪು ವೈನು. ಬೆಂಕಿಗೆ ಒಣಗಿದ ದ್ರಾಕ್ಷಿ ಬಳ್ಳಿಯ ಕಡ್ಡಿ. ಒಂದೊಂದನ್ನೂ ಕಣ್ಣಲ್ಲೇ ಕದ್ದು ಮನಸ್ಸಿನಲ್ಲಿ ಬಚ್ಚಿಟ್ಟುಕೊಂಡ. ಹಡಗು ಬಿಟ್ಟು ಬಂದು ಮದುವೆಯಾಗಿ ಅಂಗಡಿ ತೆರೆದಾಗ ಅವನ ಬಂಡವಾಳ ಅದೊಂದೇ.

ಕದ್ದು ಕಲಿತವನಿಗೆ ನೆಮ್ಮದಿ ಎಲ್ಲಿಂದ ಬರಬೇಕು? ತಾನು ಹೇಗೆ ನೋಡುತ್ತಿದ್ದೆ ಎನ್ನುವುದು ಗೊತ್ತಿದ್ದುದರಿಂದ, ನೋಡುವ ಕಣ್ಣೆಲ್ಲ ಕಳ್ಳಗಣ್ಣಾಗಿ ಕಾಣುತ್ತಿತ್ತು. ಮಸಾಲೆ ಬೆರೆಸುವಾಗ ಗೋಡೆ ಕಡೆ ತಿರುಗಿ ಕೂರುತ್ತಿದ್ದ. ತುಂಡುಗಳನ್ನು ಒಂದರ ಮೇಲೊಂದು ಜಾಡಿಯಲ್ಲಿ ಜೋಡಿಸಿ, ಮಸಾಲೆ ಸುರಿದು, ಬಾಯಿಗೆ ದಪ್ಪ ಬಟ್ಟೆ ಮುಚ್ಚಿ, ಸುತ್ತ ದಾರ ಬಿಗಿದು ಹಡಗಿನವರ ಗಂಟು ಹಾಕುತ್ತಿದ್ದ. ದಾರದ ತುದಿ ಗೋಡೆ ಕಡೆಗಿರಬೇಕು. ಅದು ಅವನ ಗುಟ್ಟಿನ ಗುರುತು.

ಮಜಾ ಏನೆಂದರೆ, ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಗಂಟು ಅದೇ ಗಂಟು, ತುದಿ ಮಾತ್ರ ಒಂದಿಷ್ಟು ಆ ಕಡೆ ಈ ಕಡೆ. ಒಮ್ಮೆ ಬಾಗಿಲ ಕಡೆ, ಒಮ್ಮೆ ಕಿಟಕಿ ಕಡೆ. ಒಮ್ಮೊಮ್ಮೆ ಬಟ್ಟೆಯ ಮಡಿಕೆ ಬೇರೆ. ಯಾರೋ ಬಿಚ್ಚುತ್ತಿದ್ದಾರೆ, ಬಿಚ್ಚಿ ಮತ್ತೆ ಕಟ್ಟುತ್ತಿದ್ದಾರೆ! ಒಳಗೆ ತುಂಡುಗಳು ಲೆಕ್ಕಕ್ಕೆ ಸರಿಯಾಗಿಯೇ ಇರುತ್ತಿದ್ದವು. ಅದೇ ಅವನ ತಲೆಯಲ್ಲಿ ಹುಳ ಬಿಟ್ಟದ್ದು. ಮಾಂಸ ಕದಿಯುವವನಾದರೆ ಹಸಿದವನು, ಹೋಗಲಿ ಬಿಡು ಎನ್ನಬಹುದು. ಏನೂ ತೆಗೆದುಕೊಳ್ಳದ ಕಳ್ಳ ಬರುವುದು ವಿದ್ಯೆ ಕದಿಯುವುದಕ್ಕೇ.

ಇಷ್ಟು ವರ್ಷಗಳಲ್ಲಿ ಅವನು ಅನುಮಾನಿಸದ ಜನ ಇಲ್ಲ. ಪಕ್ಕದ ದರ್ಜಿಯನ್ನು ಅನುಮಾನಿಸಿದ, ದಾರದ ಕೆಲಸ ಅವನಿಗೆ ಚೆನ್ನಾಗಿ ಬರುತ್ತದಲ್ಲ. ಮಾಂಸದಂಗಡಿಯವನನ್ನು ಅನುಮಾನಿಸಿದ. ಹೆಂಡತಿಯ ತಮ್ಮ ನಾಲ್ಕು ದಿನಕ್ಕೆಂದು ಬಂದವನು ಬೇಸರಪಟ್ಟು ಎರಡೇ ದಿನಕ್ಕೆ ಹೊರಟುಹೋದ. ಹೆಂಡತಿಯನ್ನು ಮಾತ್ರ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವಳಿಗೆ ಆ ಜಾಡಿಯ ಸುದ್ದಿಯೇ ಬೇಕಿರಲಿಲ್ಲ. ಅವನ ಗಂಟುಗಳನ್ನು ನೋಡಿ ನಗುವುದಷ್ಟೇ ಅವಳ ಕೆಲಸ.

ಒಮ್ಮೆ ಕಳ್ಳನ ಹೆಜ್ಜೆ ಹಿಡಿಯಲೆಂದು ಜಾಡಿಯ ಸುತ್ತ ನೆಲಕ್ಕೆ ಹಿಟ್ಟು ಚೆಲ್ಲಿದ. ಬೆಳಿಗ್ಗೆ ಬಂದು ನೋಡಿದರೆ ನೆಲ ಥಳಥಳ.

"ಇಲ್ಲಿದ್ದ ಹಿಟ್ಟೆಲ್ಲೇ?"

"ಯಾರೋ ಬುದ್ಧಿ ಇಲ್ಲದೋರು ಚೆಲ್ಲಿದ್ರು, ಗುಡಿಸ್ದೆ," ಎಂದಳು ಹೆಂಡತಿ, ಪೊರಕೆ ಮೂಲೆಗಿಡುತ್ತ.

ಇನ್ನೊಮ್ಮೆ ದಾರಕ್ಕೆ ಗೆಜ್ಜೆ ಕಟ್ಟಿದ. ಬೆಳಿಗ್ಗೆ ಗೆಜ್ಜೆ ಬೆಕ್ಕಿನ ಕೊರಳಲ್ಲಿ ಝಣಝಣ ಎನ್ನುತ್ತಿತ್ತು.

"ಬೆಕ್ಕೇ ಇರ್ಬೇಕು ಕಣ್ರೀ ನಿಮ್ಮ ಕಳ್ಳ," ಎಂದಳು ಅವಳು.

"ಬೆಕ್ಕಿಗೆ ಗಂಟು ಹಾಕೋಕೆ ಬರುತ್ತೇನೇ?"

"ಮೂವತ್ತು ವರ್ಷದಿಂದ ನಿಮ್ಮನ್ನ ನೋಡ್ತಿದೆ. ಕಲ್ತಿರುತ್ತೆ."

"ಅದು ಹುಟ್ಟಿ ಎರಡು ವರ್ಷ ಆಗ್ಲಿಲ್ಲ!"

"ಅದ್ರಮ್ಮ ಹೇಳಿಕೊಟ್ಟಿರುತ್ತೆ ಬಿಡಿ."

ಹೀಗೆ ದಿನ ಹೋಗುತ್ತಿತ್ತು. ಗಂಟು ಸರಿದಾಡುತ್ತಿತ್ತು, ಚಾಪ್ಸ್ ಖರ್ಚಾಗುತ್ತಿತ್ತು, ಗಂಟಣ್ಣನ ಕಣ್ಣು ಸುತ್ತುತ್ತಿತ್ತು.

ಆಮೇಲೊಂದು ತಿಂಗಳು ದೂರದೂರಿನಲ್ಲಿದ್ದ ಮಗಳಿಗೆ ಹೆರಿಗೆಯಾಯಿತು. ಹೆಂಡತಿ ಬಟ್ಟೆ ಗಂಟು ಕಟ್ಟಿಕೊಂಡು ಮಗಳ ಮನೆಗೆ ಹೊರಟಳು. ಹೊರಡುವ ಮುಂಚೆ ಸೊಸೆಯನ್ನು ಅಡುಗೆಮನೆಯ ಮೂಲೆಗೆ ಕರೆದು ಏನೋ ಪಿಸಪಿಸ ಹೇಳಿದಳು. ಸೊಸೆ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಮಗ ಲಾರಿ ಓಡಿಸುತ್ತ ಊರೂರು ಅಲೆಯುವವನು, ಮನೆಗೆ ಬರುವುದೇ ಅಪರೂಪ. ಗಂಟಣ್ಣ ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟ. "ಅವ್ರಿಗೆ ಗೊತ್ತಾಗ್ಬಾರ್ದು" ಎಂಬ ಮಾತೊಂದು ಮಾತ್ರ ಕೇಳಿಸಿತು. ಅಷ್ಟು ಸಾಕಾಯಿತು. ಸೊಸೆಯ ಚಿಕ್ಕಮ್ಮನ ಮನೆಯವರು ಪೇಟೆಯಲ್ಲಿ ಊಟದಂಗಡಿ ಇಟ್ಟಿದ್ದರು. ಆ ವಿಷಯ ಅವನಿಗೆ ಮದುವೆಯ ಮಾತುಕತೆಯ ದಿನದಿಂದಲೇ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

ಆ ಶನಿವಾರ ಎಂದಿಗಿಂತ ಬಿಗಿಯಾಗಿ ಕಟ್ಟಿದ. ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಮಾವ, ಬೆಳಿಗ್ಗೆ ನಾನು ಬೇಗ ಏಳ್ತೀನಿ. ಜಾಡಿ ಒಂದ್ಸಲ ನೋಡ್ಲಾ?"

"ನೋಡೋಕೆ ಅದ್ರಲ್ಲೇನು ಸಿನಿಮಾ ಹಾಕಿದಾರಾ?"

"ಅಲ್ಲ ಮಾವ, ಸುಮ್ನೆ ಕೇಳ್ದೆ..."

"ಸುಮ್ನೆ ಕೇಳೋರು ಸುಮ್ನೆ ಮಲಗ್ಬೇಕು. ಜಾಡಿ ಹತ್ರ ಯಾರ ಕೈಯಾದ್ರೂ ಬಂದ್ರೆ ನಾನು ಮನುಷ್ಯ ಆಗಿರಲ್ಲ, ತಿಳ್ಕೋ."

ಹೇಳಿದ್ದಷ್ಟೇ ಅಲ್ಲ, ಅಡುಗೆಮನೆಯ ಕೀಲಿಯನ್ನು ತನ್ನ ದಿಂಬಿನ ಕೆಳಗಿಟ್ಟುಕೊಂಡ. ಭಾನುವಾರ ಬೆಳಿಗ್ಗೆ ನೋಡಿದ. ಗಂಟು ಅಲ್ಲಾಡಿರಲಿಲ್ಲ. ತುದಿ ಗೋಡೆಯನ್ನೇ ನೋಡುತ್ತಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ! ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಆ ಖುಷಿ ಮಧ್ಯಾಹ್ನದವರೆಗೆ ಮಾತ್ರ ಬಾಳಿತು.

ಗೋದಾಮಿನ ಮೇಸ್ತ್ರಿ ದಪ್ಪ ಮನುಷ್ಯ, ಅಂಗಡಿ ತೆರೆದಂದಿನಿಂದ ಬರುತ್ತಿದ್ದ ಗಿರಾಕಿ. ಕಿಟಕಿ ಪಕ್ಕದ ಬೆಂಚು ಅವನದೇ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ತನ್ನ ತಟ್ಟೆಯ ತುಂಡನ್ನು ಕಚ್ಚಿದವನು ಮುಖ ಹಿಂಡಿದ.

"ಏನೋ ಗಂಟಣ್ಣ, ವಿನೆಗರ್ ಬಾಟ್ಲಿ ನೆಕ್ಕಿದ ಹಾಗಿದೆಯಲ್ಲೋ!"

ಎದುರಿಗಿದ್ದ ಹಮಾಲಿ ತನ್ನ ತಟ್ಟೆ ತೋರಿಸಿದ. "ನಂದು ನೋಡಿ ಅಣ್ಣ, ಉಪ್ಪಿಲ್ಲ ಹುಳಿಯಿಲ್ಲ. ಆಸ್ಪತ್ರೆ ಊಟ."

ಗಂಟಣ್ಣ ಎರಡನ್ನೂ ಒಂದೊಂದು ಚೂರು ಬಾಯಿಗೆ ಹಾಕಿಕೊಂಡ. ಒಂದು ಹುಳಿಯಲ್ಲಿ ಬೆಂದು ಬೂದು ಬಣ್ಣಕ್ಕೆ ತಿರುಗಿ ನಾರುನಾರಾಗಿತ್ತು. ಇನ್ನೊಂದಕ್ಕೆ ಮಸಾಲೆ ಮುಟ್ಟಿಯೇ ಇರಲಿಲ್ಲ. ಒಂದೇ ಜಾಡಿ, ಒಂದೇ ಮಸಾಲೆ, ಎರಡು ರುಚಿ.

ಮನಸ್ಸು ಮಾತ್ರ ತನ್ನ ಹಳೆಯ ದಾರಿಯಲ್ಲೇ ಓಡಿತು. ಗಂಟು ಯಾಕೆ ಅಲ್ಲಾಡಿಲ್ಲ? ಕಳ್ಳ ಕಲಿಯಬೇಕಾದ್ದೆಲ್ಲ ಕಲಿತು ಮುಗಿಸಿದ್ದಾನೆ, ಅದಕ್ಕೇ ಬರುತ್ತಿಲ್ಲ. ಕಲಿತ ಮೇಲೆ ಏನು ಮಾಡುತ್ತಾನೆ? ನನ್ನ ಕೈರುಚಿ ಕೆಡಿಸುತ್ತಾನೆ. ಜಾಡಿಗೆ ಕೈ ಹಾಕದೆ ಹೇಗೆ ಕೆಡಿಸಬಹುದು? ಮಾಂಸದಲ್ಲೇ ಕೆಡಿಸಬೇಕು.

ಮರುದಿನವೇ ಮಾಂಸದಂಗಡಿಗೆ ಹೋದ.

"ಎರಡು ಹಂದಿಯ ಮಾಂಸ ಬೆರೆಸಿ ಕೊಟ್ಟಿದೀಯ ನೀನು. ಒಂದು ಮುದಿ, ಒಂದು ಎಳಸು."

ಮಾಂಸದಂಗಡಿಯವನು ಕತ್ತಿ ಕೆಳಗಿಡದೆಯೇ ನಕ್ಕ. "ಒಂದೇ ಹಂದಿಯ ಒಂದೇ ಪಕ್ಕೆಯಿಂದ ನಿಮ್ಮ ಕಣ್ಣೆದುರಿಗೇ ಕೊಯ್ದು ಕೊಟ್ಟೆ. ಆ ಕಣ್ಣು ಎವೆಯಾದ್ರೂ ಬಡೀತಾ ನೀವೇ ಹೇಳಿ. ನಿಮ್ಮೆದುರು ಕತ್ತಿ ಹಿಡಿಯೋಕೆ ನನಗೇ ನಾಚಿಕೆ ಆಗುತ್ತೆ."

ಅದು ನಿಜವಾಗಿತ್ತು. ಹಾಗಾದರೆ ಉಳಿದವರು ಯಾರು? ಮನೆಯೊಳಗಿನವರೇ. ಸೊಸೆ ಉಪ್ಪು ಕೇಳಿದರೆ ಯಾಕೆಂದು ಕೇಳಿದ. ಸೊಸೆ ಫೋನು ಹಿಡಿದರೆ ಮೆಟ್ಟಿಲ ಮೇಲೆ ಕೆಮ್ಮುತ್ತ ನಿಂತ. ವಿನೆಗರ್ ಬಾಟಲಿಯನ್ನು ಮೂಗಿಗೆ ಹಿಡಿದು ನೋಡಿದ, ಹಳೆಯದನ್ನು ಚೆಲ್ಲಿ ಹೊಸದು ತಂದ. ಮುಂದಿನ ಶನಿವಾರ ಅಡುಗೆಮನೆಗೆ ಎರಡು ಬೀಗ ಹಾಕಿದ. ಭಾನುವಾರ ಗಂಟು ಕಲ್ಲಿನಂತೆ ಭದ್ರ, ಚಾಪ್ಸ್ ಹಿಂದಿನ ವಾರಕ್ಕಿಂತ ಕೆಟ್ಟದು. ಅರ್ಧಕ್ಕರ್ಧ ಗಿರಾಕಿಗಳು ತಟ್ಟೆಯಲ್ಲೇ ಬಿಟ್ಟು ಎದ್ದರು.

ಮೇಸ್ತ್ರಿ ಕೈ ತೊಳೆದು ಬಂದು ಗಂಟಣ್ಣನ ಹೆಗಲ ಮೇಲೆ ಕೈಯಿಟ್ಟ. ಬೈದಿದ್ದರೆ ಚೆನ್ನಾಗಿತ್ತು, ಅವನು ಮೆತ್ತಗೆ ಮಾತಾಡಿದ.

"ನೋಡೋ, ಬರೋ ವಾರ ನನ್ನ ಕೆಲಸದ ಕಡೇ ವಾರ. ಭಾನುವಾರ ನಮ್ಮ ಹುಡುಗ್ರಿಗೆಲ್ಲ ನಾನು ಊಟ ಹಾಕಿಸ್ಬೇಕು. ನಿನ್ನ ಹಿತ್ತಲಲ್ಲೇ ಅಂತ ಎಲ್ಲರಿಗೂ ಹೇಳಿಬಿಟ್ಟಿದೀನಿ. ನಿನ್ನ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳು, ಮೂಲೆ ಹೋಟೆಲಿಗೆ ಹೇಳ್ತೀನಿ. ನನಗೆ ಬೇಜಾರಿಲ್ಲ."

"ಯಾಕಾಗಲ್ಲ? ಆಗುತ್ತೆ," ಎಂದ ಗಂಟಣ್ಣ. ಮೇಸ್ತ್ರಿಯ ಜನ ಒಮ್ಮೆ ಮೂಲೆ ಹೋಟೆಲಿನ ಮೆಟ್ಟಿಲು ಹತ್ತಿದರೆ ಮತ್ತೆ ಈ ಕಡೆ ತಿರುಗುವುದಿಲ್ಲ, ಭಾನುವಾರದ ಒಲೆ ತಣ್ಣಗಾದಂತೆಯೇ ಎಂದು ಅವನಿಗೆ ಗೊತ್ತಿತ್ತು.

ಆ ವಾರವೆಲ್ಲ ಅವನು ಸರಿಯಾಗಿ ಉಣ್ಣಲಿಲ್ಲ. ಶನಿವಾರ ಮಸಾಲೆ ಬೆರೆಸುವ ಮುಂಚೆ ಒಂದೊಂದು ಸಾಮಾನನ್ನೂ ನಾಲಿಗೆಗೆ ಹಚ್ಚಿಕೊಂಡು ನೋಡಿದ. ಎಲ್ಲ ಸರಿಯಿತ್ತು. ತುಂಡು ಜೋಡಿಸಿ, ಸುರಿದು, ಮುಚ್ಚಿ, ಗಂಟು ಬಿಗಿದ. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಬಾಯಿಗೆ ಬಂದ ಮಾತನ್ನು ನುಂಗುತ್ತಿದ್ದಾಳೆ ಎಂದು ನೋಡಿದರೇ ತಿಳಿಯುತ್ತಿತ್ತು.

"ಏನು? ಏನಾದ್ರೂ ಹೇಳೋದಿದ್ಯಾ?"

"ಹೇಳೋ ಹಾಗಿಲ್ಲ ಮಾವ."

"ಹೇಳೋ ಹಾಗಿಲ್ವಾ! ಯಾರು ಕಟ್ಟಿಹಾಕಿದಾರೆ ನಿನ್ನ ಬಾಯಿ?"

ಸೊಸೆ ಕಣ್ಣಲ್ಲಿ ನೀರು ತಂದುಕೊಂಡು ಮೆಟ್ಟಿಲು ಹತ್ತಿಹೋದಳು. ಮೇಲೆ ಫೋನಿನಲ್ಲಿ ಮೆಲ್ಲಗೆ ಮಾತಾಡುವುದು ಕೇಳಿಸಿತು. ಚಿಕ್ಕಮ್ಮನಿಗೇ ಇರಬೇಕು ಎಂದುಕೊಂಡ. ಬೀಗವನ್ನೂ ನಂಬದೆ, ಅದನ್ನು ಹಾಕದೆಯೇ ಬಿಟ್ಟು, ಕುರ್ಚಿಯೊಂದನ್ನು ಜಾಡಿಯ ಪಕ್ಕಕ್ಕೇ ಎಳೆದುಕೊಂಡು, ಒಲೆಯ ಉದ್ದ ಇಕ್ಕಳವನ್ನು ತೊಡೆಯ ಮೇಲಿಟ್ಟುಕೊಂಡು ಕಾವಲು ಕೂತ.

ಕಿಟಕಿಯಲ್ಲಿ ಬೆಳಕು ಬೂದಿ ಬಣ್ಣಕ್ಕೆ ತಿರುಗುವ ಹೊತ್ತು. ಜಾಡಿಯೊಳಗೆ ಏನೋ ಕಲಕುವ ಸಣ್ಣ ಸದ್ದಿಗೆ ಅವನಿಗೆ ಎಚ್ಚರವಾಯಿತು. ಕಣ್ಣು ಬಿಡುವ ಮೊದಲೇ ಕೈ ಚಾಚಿ ಹಿಡಿದ. ಸಿಕ್ಕಿತು! ಒಂದು ಕೈ, ಮೊಣಕೈವರೆಗೆ ಎಣ್ಣೆ, ಬೆಳ್ಳುಳ್ಳಿಯ ವಾಸನೆ.

"ಸಿಕ್ಕಿಬಿದ್ಯಾ!" ಎಂದು ಅರಚಿದ.

"ಸಿಕ್ಕಿಬಿದ್ದೆ. ಈಗ ಕೈ ಬಿಡ್ತೀರಾ? ಇನ್ನೂ ಅಡೀದು ಮೇಲಕ್ಕೆ ಬಂದಿಲ್ಲ," ಎಂದಿತು ಹೆಂಡತಿಯ ದನಿ.

ನೋಡಿದರೆ ಅವಳೇ. ಬಸ್ಸಿನ ಧೂಳು ತಲೆಯ ಮೇಲೆ ಹಾಗೇ ಇತ್ತು. ತಂದ ಚೀಲ ಬಾಗಿಲಲ್ಲೇ ಬಿದ್ದಿತ್ತು. ಸೊಸೆ ಅವಳ ಹಿಂದೆ ಲಾಟೀನಿನ ಕಂಬದ ಹಾಗೆ ಮೊಬೈಲಿನ ದೀಪ ಹಿಡಿದು ನಿಂತಿದ್ದಳು.

"ನೀನು... ನೀನ್ಯಾವಾಗ ಬಂದೆ?"

"ನಿಮ್ಮ ಸೊಸೆ ಫೋನಲ್ಲಿ ಅತ್ಳು. 'ಅತ್ತೆ, ಮಾವ ಜಾಡೀನ ಮಗು ಥರ ಕಾಯ್ತಿದಾರೆ, ಬೆಳಿಗ್ಗೆ ಹೋಗಿ ತಿರುವೋಕೇ ಆಗ್ತಿಲ್ಲ' ಅಂದ್ಳು. ಅಲ್ಲಿ ನಿಜವಾದ ಮಗೂನ ಬಿಟ್ಟು ಇದಕ್ಕೆ ಓಡಿ ಬಂದೆ."

"ತಿರುವೋದಾ? ಏನನ್ನ?"

ಹೆಂಡತಿ ಕೆಲಸ ಮುಂದುವರಿಸಿದಳು. ಮೇಲಿನ ತುಂಡುಗಳು ಮಸಾಲೆಗೆ ಸಿಗದೆ ಒಣಗಿ ಅಂಚು ಮುದುಡಿದ್ದವು. ಅಡಿಯವು ಹುಳಿಯಲ್ಲಿ ಮುಳುಗಿ ಬಿಳಿಚಿಕೊಳ್ಳತೊಡಗಿದ್ದವು. ಅವಳು ಅಡಿಯದನ್ನು ಮೇಲಕ್ಕೆ ತಂದು, ಮೇಲಿನದನ್ನು ಅಡಿಗೆ ಇಳಿಸಿ, ಒಂದೊಂದರ ಎರಡೂ ಮೈಗೆ ಮಸಾಲೆ ಸವರಿ, ಮೂಳೆಯ ಪಕ್ಕಕ್ಕೆ ಬೆರಳಿಂದ ಒತ್ತಿ ಜೋಡಿಸಿದಳು. ಕೈ ತಾನಾಗಿ ಓಡುತ್ತಿತ್ತು. ಇದು ಇವತ್ತು ನಿನ್ನೆಯ ಕೈಯಲ್ಲ ಎಂದು ಗಂಟಣ್ಣನಂಥವನಿಗೂ ಕಂಡಿತು.

"ಯಾವತ್ತಿಂದ?" ಎಂದ.

"ಅಂಗಡಿ ಇಟ್ಟ ವರ್ಷದಿಂದ. ಮೊದಲು ಸುಟ್ಟಾಗ ಜನ ಒಬ್ಬರ ತಟ್ಟೆ ಒಬ್ಬರು ನೋಡ್ಕೋತಿದ್ರು, ಮರೆತ್ರಾ? ಒಂಚೂರು ತಿರುವಿ ಹಾಕ್ಬಾರ್ದಾ ಅಂತ ಕೇಳ್ದೆ. 'ಹಡಗಲ್ಲಿ ಯಾರೂ ತಿರುವ್ತಿರ್ಲಿಲ್ಲ, ನೀನು ನನಗೆ ಹೇಳಿಕೊಡ್ಬೇಡ' ಅಂತ ಮನೆ ಹಾರಿಹೋಗೋ ಹಾಗೆ ಕೂಗಿದ್ರಿ. ಮಾರನೇ ವಾರ ನೀವು ಗೊರಕೆ ಹೊಡೀತಿದ್ದಾಗ ನಾನೇ ಬಂದು ತಿರುವ್ದೆ. ಅವತ್ತು ಜನ ಬೆರಳು ಚೀಪಿದ್ರು. ನೀವು ಎದೆ ಉಬ್ಬಿಸ್ಕೊಂಡು ಬೀದಿ ತುಂಬ ಓಡಾಡಿದ್ರಿ. ಆ ಎದೆಗೆ ಸೂಜಿ ಚುಚ್ಚೋಕೆ ನನಗೆ ಮನಸ್ಸು ಬರ್ಲಿಲ್ಲ."

"ಆ ಮೀಸೆಯವನು ತಿರುವ್ತಿರ್ಲಿಲ್ಲ ಕಣೇ. ನಾನು ಕಣ್ಣಾರೆ ನೋಡಿದೀನಿ!"

"ಬೆಳಗಿನ ಜಾವ ನೀವೆಲ್ಲಿರ್ತಿದ್ರಿ?"

ಗಂಟಣ್ಣ ಇಕ್ಕಳ ಕೆಳಗಿಟ್ಟ. ಬೆಳಗಿನ ಜಾವ ಅವನನ್ನು ಆಲೂಗಡ್ಡೆ ಸುಲಿಯಲು ಹಡಗಿನ ಇನ್ನೊಂದು ತುದಿಗೆ ಅಟ್ಟುತ್ತಿದ್ದರು. ಆ ಹೊತ್ತಿಗೆ ಮೀಸೆಯವನು ಒಬ್ಬನೇ ಉಗ್ರಾಣದ ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದ. ಕದ್ದು ಕುಡಿಯುತ್ತಾನೆ ಎಂದು ಎಲ್ಲರ ಹಾಗೆ ಇವನೂ ಅನುಮಾನಪಟ್ಟಿದ್ದ. ಹೊರಗೆ ಬರುವಾಗ ಮೀಸೆಯವನ ತೋಳು ಮೊಣಕೈವರೆಗೆ ಒದ್ದೆಯಾಗಿರುತ್ತಿದ್ದುದು ಈಗ, ಇಷ್ಟು ವರ್ಷದ ಮೇಲೆ, ಕಣ್ಣ ಮುಂದೆ ಬಂತು.

"ಬೆಕ್ಕು ಅಂದ್ಯಲ್ಲೇ," ಎಂದ ಕಡೆಗೆ.

"ನೀವು ಕೂತು ಅದ್ರ ವಯಸ್ಸು ಲೆಕ್ಕ ಹಾಕಿದ್ರಲ್ಲ."

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗಂಟಣ್ಣ ಅವಳ ಕಡೆ ತಿರುಗಿದ. ತಪ್ಪಾಯಿತು ಎನ್ನುವುದು ಅವನ ನಾಲಿಗೆಗೆ ಅಭ್ಯಾಸವಿರಲಿಲ್ಲ.

"ನಿಂತು ನೋಡ್ತೀಯಲ್ಲ, ಕೈ ತೊಳ್ಕೊಂಡು ಬಾ. ಅತ್ತೆಗೆ ಒಂದು ಕೈ ಹಾಕು," ಎಂದ. ಸೊಸೆಗೆ ಅಷ್ಟು ಸಾಕಿತ್ತು.

ಮಧ್ಯಾಹ್ನಕ್ಕೆ ಹಿತ್ತಲು ತುಂಬಿತು. ಗಂಟಣ್ಣ ಬಳ್ಳಿಯ ಕಡ್ಡಿ ಉರಿಸಿ, ಉರಿ ಆರಿ ಕೆಂಡದ ಮೇಲೆ ಬೂದಿಯ ತೆಳು ಪೊರೆ ಕಟ್ಟುವವರೆಗೆ ಕಾದ. ತುಂಡುಗಳನ್ನು ಬಟ್ಟೆಯಿಂದ ಒತ್ತಿ ಒರೆಸಿದ, ಒದ್ದೆ ಮಾಂಸ ಸುಡುವುದಿಲ್ಲ, ಬೇಯುತ್ತದೆ. ಮುದುಡದಂತೆ ಕೊಬ್ಬಿನ ಅಂಚಿಗೆ ಚಾಕುವಿನಿಂದ ಗೀರು ಹಾಕಿದ. ಮೊದಲು ಇಕ್ಕಳದಲ್ಲಿ ಹಿಡಿದು ಕೊಬ್ಬಿನ ಅಂಚನ್ನೇ ಜಾಲರಿಯ ಮೇಲೆ ನಿಲ್ಲಿಸಿ ಕರಗಿಸಿದ. ಚುರ್ರೆಂದು ಹೊಗೆ ಎದ್ದಿತು. ಆಮೇಲೆ ಮಲಗಿಸಿ, ಒಂದು ಮೈ ಕಂದು ಬಣ್ಣಕ್ಕೆ ಬಂದ ಕೂಡಲೇ ಮಗುಚಿ, ಕೆಂಡ ಕಮ್ಮಿಯಿರುವ ಅಂಚಿಗೆ ಸರಿಸಿ, ಮೂಳೆಯ ಹತ್ತಿರ ಒತ್ತಿದರೆ ತಿಳಿಯಾದ ರಸ ಬರುವವರೆಗೆ ಬಿಟ್ಟ. ಈ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಇದು ಹಗಲಲ್ಲಿ ನೋಡಿ ಕಲಿತದ್ದು.

ತುಂಡುಗಳು ತಟ್ಟೆಯಲ್ಲಿ ಸ್ವಲ್ಪ ಹೊತ್ತು ತಣಿದವು. ಮೇಸ್ತ್ರಿ ಮೊದಲ ಚೂರು ಬಾಯಿಗಿಟ್ಟ. ಗಂಟಣ್ಣ ಇಕ್ಕಳ ಹಿಡಿದುಕೊಂಡು ಅವನ ದವಡೆಯನ್ನೇ ನೋಡುತ್ತ ನಿಂತ. ದವಡೆ ನಿಂತಿತು. ಮತ್ತೆ ಆಡಿತು. ಮೇಸ್ತ್ರಿ ಪಕ್ಕದ ಹಮಾಲಿಯ ತಟ್ಟೆಯಿಂದ ಒಂದು ಚೂರು ಕಿತ್ತು ತಿಂದ, ಅದರಾಚೆಯವನ ತಟ್ಟೆಯಿಂದಲೂ ತಿಂದ.

"ಎಲ್ಲ ಒಂದೇ!" ಎಂದ. "ಎರಡು ವಾರ ಏನಾಗಿತ್ತೋ ನಿನಗೆ ದೊಡ್ಡ ರೋಗ?"

"ಕಳ್ಳ ಊರಲ್ಲಿರ್ಲಿಲ್ಲ," ಎಂದ ಗಂಟಣ್ಣ.

ಯಾರಿಗೂ ಅರ್ಥವಾಗಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಮಾತ್ರ ನಗು ಕೇಳಿಸಿತು. ಮೇಸ್ತ್ರಿ ಕೈ ನೆಕ್ಕುತ್ತ, ಕೆಲಸ ಬಿಟ್ಟರೂ ಕಿಟಕಿ ಪಕ್ಕದ ಬೆಂಚು ಬಿಡುವುದಿಲ್ಲ ಎಂದು ಎಲ್ಲರ ಮುಂದೆ ಸಾರಿಬಿಟ್ಟ.

ಮುಂದಿನ ಶನಿವಾರ ಗಂಟಣ್ಣ ಮಸಾಲೆ ಬೆರೆಸುವಾಗ ಗೋಡೆ ಕಡೆ ತಿರುಗಲಿಲ್ಲ. ಹಾಗೆಂದು ಯಾರನ್ನೂ ಕರೆದು ತೋರಿಸಲೂ ಇಲ್ಲ, ಅಡ್ಡಡ್ಡ ಕೂತ. ಜಾಡಿಗೆ ಹಡಗಿನ ಗಂಟು ಬಿಟ್ಟು, ಒಂದು ಬೆರಳಲ್ಲಿ ಎಳೆದರೆ ಬಿಚ್ಚಿಕೊಳ್ಳುವ ಸಡಿಲ ಕುಣಿಕೆ ಹಾಕಿದ. ಕೀಲಿಯನ್ನು ಮೊಳೆಗೆ ನೇತುಹಾಕಿ ಮೇಲೆ ಹೋಗಿ ಮಲಗಿದ.

ಬೆಳಿಗ್ಗೆ ಎದ್ದು ಬಂದು ನೋಡಿದರೆ, ಸಡಿಲ ಕುಣಿಕೆ ಇದ್ದಲ್ಲಿ ಹಡಗಿನ ಗಂಟು. ಬಿಗಿಯಾಗಿ, ಒಂದು ಕೂದಲೆಳೆಯೂ ತಪ್ಪದೆ, ತುದಿ ನೇರ ಗೋಡೆ ಕಡೆಗೆ.

ತುದಿ ಗೋಡೆ ಕಡೆಗಿರಬೇಕು ಎಂದು ಅವನು ಯಾರಿಗೂ, ಯಾವತ್ತೂ ಹೇಳಿರಲಿಲ್ಲ. ಹೆಂಡತಿಯನ್ನು ನೋಡಿದ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಸೊಸೆಯನ್ನು ನೋಡಿದ. ಅವಳು ತಟ್ಟೆ ಒರೆಸುತ್ತಿದ್ದಳು. ಇಬ್ಬರ ತೋಳಿಗೂ ಎಣ್ಣೆಯ ಹೊಳಪಿತ್ತು.

"ಯಾರು ಕಟ್ಟಿದ್ದು ಇದನ್ನ?"

"ಬೆಕ್ಕಿರ್ಬೇಕು ಮಾವ," ಎಂದಳು ಸೊಸೆ, ತಲೆಯೆತ್ತದೆ.

ಗಂಟಣ್ಣ ಕಣ್ಣು ಕಿರಿದು ಮಾಡಿ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡುತ್ತ ಜಾಡಿಯ ಮುಂದೆ ಕೂತು, ಗಂಟು ಬಿಚ್ಚತೊಡಗಿದ.